ಕಂಬದ ದೀಪದ ಸೆನ್ಸರ್ ಕೆಟ್ಟಿದೆ: ಅಂಥದ್ದೇ ಹಾಕೋದಾ, ಬಲ್ಬ್ ಬದಲಿಸೋದಾ, ಟೈಮರ್ ಸಾಕಾ?

ಮಟಮಟ ಮಧ್ಯಾಹ್ನ ಅಂಗಳದ ಕಂಬದ ಮೇಲೆ ದೀಪ ಉರಿಯುತ್ತಿರುತ್ತದೆ. ಹಗಲು ದೀವಟಿಗೆ ಹಿಡಿದ ಹಾಗೆ. ಬಂದವರೆಲ್ಲ "ಲೈಟ್ ಆರಿಸೋದು ಮರೆತಿದ್ದೀರಿ" ಅಂತ ಹೇಳಿ ಹೋಗುತ್ತಾರೆ. ಆರಿಸೋಣ ಅಂದರೆ ಅದಕ್ಕೆ ಸ್ವಿಚ್ಚೇ ಇಲ್ಲ. ಸಂಜೆ ಹೊತ್ತಿಸಿ ಬೆಳಗ್ಗೆ ಆರಿಸುವ ಕೆಲಸವನ್ನು ಸೆನ್ಸರ್‌ಗೆ ಒಪ್ಪಿಸಿ ಕೂತಿದ್ದೇವೆ, ಅದು ಕೈಕೊಟ್ಟಿದೆ.

ನನ್ನ ಅಂಗಳದಲ್ಲಿ ಇದು ಎರಡು ಸಲ ಆಯಿತು. ಮೊದಲ ಸಲ ಹಳೆಯ ಸೆನ್ಸರನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಂಥದ್ದನ್ನೇ ತಂದು ಹಾಕಿದೆ. ವರ್ಷ ತುಂಬುವ ಮೊದಲೇ ಅದೂ ಹೋಯಿತು. ಸಿಟ್ಟು ಬಂದು ಒಡೆದು ನೋಡಿದೆ. ಒಳಗೆ ಒಂದು ಪುಟ್ಟ ರಿಲೇ, ಅಂದರೆ ಕರೆಂಟಿನಿಂದಲೇ ನಡೆಯುವ ಸ್ವಿಚ್. ಅದರ ಎರಡು ಕಾಂಟ್ಯಾಕ್ಟುಗಳು, ಕೂಡಿದರೆ ಕರೆಂಟ್ ಹರಿಸುವ ಸಾಸಿವೆ ಕಾಳಿನಷ್ಟು ಗಾತ್ರದ ಲೋಹದ ತುದಿಗಳು, ಕರ್ರಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರು ತೂರಿಸಿ ಎಬ್ಬಿಸಿದರೆ ಟಕ್ ಅಂತ ಬಿಟ್ಟುಕೊಂಡವು. ಅಂದರೆ ಬೆಳಕು ನೋಡುವ ಕಣ್ಣು ಚೆನ್ನಾಗಿಯೇ ಇತ್ತು. ಆರಿಸುವ ಕೈ ಹಿಡಿದುಕೊಂಡಿತ್ತು. ಮೂರನೆಯದೂ ಅದೇ ಥರದ್ದು ತಂದಿದ್ದರೆ ಅದರ ಗತಿಯೂ ಅಷ್ಟೇ ಆಗುತ್ತಿತ್ತು.

ಆಮೇಲಿಂದ ಯಾರಾದರೂ "ಯಾವ ಸೆನ್ಸರ್ ತಗೊಳ್ಳಲಿ?" ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಹಳೆಯದು ಯಾಕೆ ಸತ್ತಿತು? ಅದು ಗೊತ್ತಾದರೆ ಅಂಗಡಿಯಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮೊದಲು, ಕೆಟ್ಟಿರುವುದು ಸೆನ್ಸರೇನಾ?

ಅರ್ಧಕ್ಕರ್ಧ ಸಲ ಬೇರೇನೋ ಇರುತ್ತದೆ ಅನ್ನುವುದು ನನ್ನ ಅನುಭವ. ಹಣ ಖರ್ಚು ಮಾಡುವ ಮೊದಲು ಹತ್ತು ನಿಮಿಷ ಇದಕ್ಕೆ ಕೊಡಿ.

ಹಗಲಲ್ಲೂ ಉರಿಯುತ್ತಿದ್ದರೆ ಮೊದಲು ಸೆನ್ಸರಿನ ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಧೂಳು, ಹಕ್ಕಿ ಹಿಕ್ಕೆ, ಜೇಡರ ಬಲೆ, ಪಕ್ಕದಲ್ಲಿ ಹಬ್ಬಿದ ಬಳ್ಳಿ, ಇಷ್ಟರಲ್ಲಿ ಯಾವುದು ಅಡ್ಡ ಬಂದರೂ ಸೆನ್ಸರ್ ಪಾಲಿಗೆ ಅದು ಕತ್ತಲೆಯೇ. ಬಿಸಿಲಿಗೆ ಹಳದಿಯಾದ ಪ್ಲಾಸ್ಟಿಕ್ ಗಾಜಾದರೆ ಒರೆಸಿ ಪ್ರಯೋಜನವಿಲ್ಲ. ರಾತ್ರಿ ದೀಪ ಉರಿಯುವಾಗ ಒಳ್ಳೆ ಟಾರ್ಚನ್ನು ಸೆನ್ಸರಿಗೆ ಹತ್ತಿರ ಹಿಡಿದು ಎರಡು ಮೂರು ನಿಮಿಷ ನಿಲ್ಲಿ. ಆರಿದರೆ ಸೆನ್ಸರ್ ಬದುಕಿದೆ. ಎರಡು ಮೂರು ನಿಮಿಷ ಅಂದದ್ದು ಸುಮ್ನೆ ಅಲ್ಲ. ಕಾರಿನ ಹೆಡ್‌ಲೈಟ್ ಬಿದ್ದಾಗ, ಮಿಂಚು ಹೊಡೆದಾಗ ದೀಪ ಆರಬಾರದು ಅಂತ ಹೆಚ್ಚಿನವುಗಳಲ್ಲಿ ಬೇಕೆಂದೇ ತಡ ಇಟ್ಟಿರುತ್ತಾರೆ.

ರಾತ್ರಿಯೂ ಹೊತ್ತದಿದ್ದರೆ ಮೊದಲ ಅನುಮಾನ ಬಲ್ಬಿನ ಮೇಲಿರಲಿ. ಇನ್ನೊಂದು ಬಲ್ಬ್ ಹಾಕಿ ನೋಡಿ. ಆಮೇಲೆ ಹಗಲಲ್ಲಿ ಸೆನ್ಸರಿಗೆ ಕಪ್ಪು ಇನ್ಸುಲೇಷನ್ ಟೇಪ್ ಎರಡು ಪದರ ಸುತ್ತಿ ಐದು ನಿಮಿಷ ಕಾಯಿರಿ. ಟೇಪ್ ಸುತ್ತಿದಾಗ ಹೊತ್ತಿ, ರಾತ್ರಿ ಮಾತ್ರ ಹೊತ್ತದಿದ್ದರೆ ಬೇರೊಂದು ದೀಪದ ಬೆಳಕು ಅದರ ಕಣ್ಣಿಗೆ ಬೀಳುತ್ತಿದೆ ಅಂತ ಅರ್ಥ.

ಹೊತ್ತಿ ಆರಿ, ಹೊತ್ತಿ ಆರಿ ಮಾಡುತ್ತಿದ್ದರೆ ತನ್ನದೇ ಬೆಳಕು ತನ್ನ ಕಣ್ಣಿಗೆ ಬೀಳುತ್ತಿರಬಹುದು. ಹೊತ್ತಿದ ಕೂಡಲೇ ಬೆಳಗಾಯಿತು ಅಂದುಕೊಳ್ಳುತ್ತದೆ, ಆರಿದ ಕೂಡಲೇ ರಾತ್ರಿಯಾಯಿತು ಅಂದುಕೊಳ್ಳುತ್ತದೆ. ಕಂಬದಲ್ಲಿ ಹಳೆಯ ಕಾಲದ ಹಳದಿ ಸೋಡಿಯಂ ದೀಪ ಇದ್ದರೆ ಕಥೆ ಬೇರೆ. ಆಯುಸ್ಸು ಮುಗಿಯುತ್ತಾ ಬಂದ ಸೋಡಿಯಂ ದೀಪ ಬಿಸಿಯಾದ ಮೇಲೆ ತಾನಾಗಿ ಆರುತ್ತದೆ, ತಣ್ಣಗಾದ ಮೇಲೆ ಮತ್ತೆ ಹೊತ್ತುತ್ತದೆ. ಇದನ್ನು ಸೆನ್ಸರ್ ತಪ್ಪು ಅಂದುಕೊಂಡು ಎರಡೆರಡು ಸೆನ್ಸರ್ ಬದಲಿಸಿದವರನ್ನು ನೋಡಿದ್ದೇನೆ.

ಹಗಲಲ್ಲಿ ಎಲ್‌ಇಡಿ ಬಲ್ಬ್ ಪೂರ್ತಿ ಆರದೆ ಮಿಣುಕುಹುಳದ ಹಾಗೆ ಮಂದವಾಗಿ ಕಾಣುತ್ತಿದ್ದರೆ? ಸೆನ್ಸರ್ ಮೂಲಕ ಒಂಚೂರು ಕರೆಂಟ್ ಸೋರುತ್ತಿದೆ. ಅದು ಕೆಟ್ಟಿಲ್ಲ, ಎಲ್‌ಇಡಿಗೆ ಹೊಂದುವಂಥದ್ದಲ್ಲ.

ಹಗಲಲ್ಲಿ ಕರೆಂಟ್ ಹೋಗಿ ಬಂದಾಗ ದೀಪ ಒಂದೆರಡು ನಿಮಿಷ ಹೊತ್ತಿ ತಾನಾಗಿ ಆರುತ್ತದಾ? ಹಾಗಿದ್ದರೆ ಮುಟ್ಟಬೇಡಿ. ಅದು ಸರಿಯಾಗಿಯೇ ಕೆಲಸ ಮಾಡುತ್ತಿದೆ. ಬಹಳಷ್ಟು ಸೆನ್ಸರುಗಳಲ್ಲಿ ಕಾಂಟ್ಯಾಕ್ಟ್ ಮೊದಲಿನಿಂದಲೂ ಮುಚ್ಚಿಕೊಂಡೇ, ಅಂದರೆ ಕೂಡಿಕೊಂಡೇ, ಇರುತ್ತದೆ, ಬೆಳಕು ಕಂಡ ಮೇಲೆ ತೆರೆದುಕೊಳ್ಳುತ್ತದೆ. ಕೆಟ್ಟಾಗ ದೀಪ ಹಗಲಲ್ಲೂ ಉರಿಯುವುದಕ್ಕೆ ಇದೂ ಒಂದು ಕಾರಣ. ಕತ್ತಲಲ್ಲಿ ಬಿಡುವುದಕ್ಕಿಂತ ಹಗಲಲ್ಲಿ ಉರಿಸುವುದು ವಾಸಿ ಅಂತ ಮಾಡಿದವರ ಲೆಕ್ಕ.

ಒಂದು ಮಾತು ಮರೆಯುವ ಮೊದಲು ಹೇಳಿಬಿಡುತ್ತೇನೆ. ರಸ್ತೆ ಬದಿಯ ಸಾರ್ವಜನಿಕ ಕಂಬ ನಿಮ್ಮದಲ್ಲ, ಅದಕ್ಕೆ ಏಣಿ ಹಾಕಬೇಡಿ. ನಿಮ್ಮದೇ ಕಂಬವಾದರೂ ಬೋರ್ಡಿನಲ್ಲಿ ಆ ಲೈನಿನ ಕರೆಂಟ್ ಕಡಿಯುವ ಸ್ವಿಚ್ಚನ್ನು (ಎಂಸಿಬಿ) ಇಳಿಸಿ, ಟೆಸ್ಟರಿನಲ್ಲಿ ನೋಡಿದ ಮೇಲೆಯೇ ಕೈ ಹಾಕಿ. ದೀಪ ಆರಿದೆ ಅಂದರೆ ವೈರಿನಲ್ಲಿ ಕರೆಂಟ್ ಇಲ್ಲ ಅಂತ ಅರ್ಥವಲ್ಲ. ಸೆನ್ಸರಿನ ಒಳಬದಿಯ ವೈರು ಹಗಲೂ ರಾತ್ರಿ ಜೀವಂತ. ವೈರಿನ ಕೆಲಸ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ. ಯಾವುದನ್ನು ತರಬೇಕು ಅನ್ನುವುದನ್ನು ಮಾತ್ರ ನೀವೇ ತೀರ್ಮಾನಿಸಿ.

ಅಂಥದ್ದೇ ವೈರ್ ಸೆನ್ಸರ್ ಹಾಕುವುದು

ಕಂಬದ ಪಕ್ಕದಲ್ಲಿ ಗುಂಡಿಯಂಥ ಒಂದು ಕಣ್ಣು, ಒಳಗೆ ಮೂರು ವೈರು. ಮನೆಯ ಕಂಬಗಳಲ್ಲಿ ತುಂಬಾ ಕಾಣುವುದು ಇದೇ. ಹಳೆಯದು ಹತ್ತು ವರ್ಷ ನಿಯತ್ತಾಗಿ ದುಡಿದು ಈಗ ಸತ್ತಿದ್ದರೆ, ಬಲ್ಬೂ ಮೊದಲಿನಂಥದ್ದೇ ಆಗಿದ್ದರೆ, ಜಾಸ್ತಿ ಯೋಚಿಸದೆ ಅಂಥದ್ದೇ ಹಾಕಿ. ಆದರೆ "ಅಂಥದ್ದೇ" ಅನ್ನುವ ಮಾತಿನಲ್ಲೇ ಎಡವುವುದು. ಹೊರಗಿನಿಂದ ಒಂದೇ ಥರ ಕಂಡರೂ ಒಳಗೆ ಎರಡು ಜಾತಿ ಇವೆ.

ಒಂದು ಹಳೆಯ ಬಿಸಿ ಪಟ್ಟಿಯದು. ಬೆಳಕು ಬಿದ್ದರೆ ಅದರ ಕ್ಯಾಡ್ಮಿಯಂ ಸಲ್ಫೈಡ್ ಕಣ್ಣಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಆ ಕರೆಂಟ್ ಒಂದು ಪುಟ್ಟ ಹೀಟರನ್ನು ಬಿಸಿ ಮಾಡುತ್ತದೆ. ಎರಡು ಲೋಹ ಬೆಸೆದ ಪಟ್ಟಿ ಬಿಸಿಗೆ ಬಾಗಿ ಕಾಂಟ್ಯಾಕ್ಟ್ ಬಿಡಿಸುತ್ತದೆ, ದೀಪ ಆರುತ್ತದೆ. ಕತ್ತಲಾದರೆ ಪಟ್ಟಿ ತಣ್ಣಗಾಗಿ ಮತ್ತೆ ಅಂಟುತ್ತದೆ. ಸರಳ, ಒರಟು, ಸಿಡಿಲಿನ ಹೊಡೆತವನ್ನೂ ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ. ಆದರೆ ಹಗಲಿಡೀ ಆ ಹೀಟರ್ ಸ್ವಲ್ಪ ಕರೆಂಟ್ ತಿನ್ನುತ್ತಿರುತ್ತದೆ. ವರ್ಷ ಕಳೆದ ಹಾಗೆ ಸಂಜೆ ಹೊತ್ತುವ ಸಮಯವೂ ಹಿಂದೆ ಮುಂದೆ ಸರಿಯುತ್ತದೆ.

ಇನ್ನೊಂದು ಎಲೆಕ್ಟ್ರಾನಿಕ್. ಸಿಲಿಕಾನ್ ಕಣ್ಣು, ಚಿಕ್ಕ ಸರ್ಕ್ಯೂಟ್, ರಿಲೇ. ಹೊತ್ತುವ ಮಟ್ಟ ಹೆಚ್ಚು ನಿಖರ. ಸಾಮಾನ್ಯವಾಗಿ 10ರಿಂದ 30 ಲಕ್ಸ್ (ಬೆಳಕಿನ ಅಳತೆ) ನಡುವೆ ಎಲ್ಲೋ ಹೊತ್ತುತ್ತದೆ, ಆರುವುದು ಅದಕ್ಕಿಂತ ಜಾಸ್ತಿ ಬೆಳಕಿನಲ್ಲಿ. ಹೊತ್ತುವ ಮಟ್ಟ, ಆರುವ ಮಟ್ಟ ಒಂದೇ ಇದ್ದಿದ್ದರೆ ಮುಸ್ಸಂಜೆಯಲ್ಲಿ ಮೋಡವೊಂದು ಹಾದು ಹೋದರೂ ದೀಪ ಕಣ್ಣು ಹೊಡೆಯುತ್ತಿತ್ತು. ನಡು ಮಧ್ಯಾಹ್ನದ ಬಿಸಿಲು ಲಕ್ಷ ಲಕ್ಸ್ ಹತ್ತಿರ, ಹುಣ್ಣಿಮೆಯ ಬೆಳದಿಂಗಳು ಅರ್ಧ ಲಕ್ಸ್ ಕೂಡ ಇಲ್ಲ. ಹಾಗಾಗಿ ಹುಣ್ಣಿಮೆಗೆ ಸೆನ್ಸರ್ ಮೋಸ ಹೋಗುತ್ತದೆ ಅನ್ನುವ ಭಯ ಬೇಡ.

ನನ್ನ ಆಯ್ಕೆ ಎಲೆಕ್ಟ್ರಾನಿಕ್. ಆದರೆ ಒಂದು ಷರತ್ತಿದೆ, ಅದು ನನ್ನ ಎರಡನೇ ಸೆನ್ಸರ್ ಕಲಿಸಿದ ಪಾಠ.

ಡಬ್ಬಿಯ ಮೇಲೆ ದೊಡ್ಡದಾಗಿ 1000 ವ್ಯಾಟ್ ಅಂತ ಇರುತ್ತದೆ. ನಮ್ಮ ಎಲ್‌ಇಡಿ 20 ವ್ಯಾಟ್. ಎಲ್ಲಿಯ ಸಾವಿರ, ಎಲ್ಲಿಯ ಇಪ್ಪತ್ತು ಅನ್ನಿಸುತ್ತದೆ, ಅಲ್ವಾ? ಆ ಸಾವಿರ ವ್ಯಾಟ್ ಹಳೆಯ ತಂತಿ ಬಲ್ಬಿನ ಲೆಕ್ಕ. ಎಲ್‌ಇಡಿಗೆ ಕರೆಂಟನ್ನು ಹದ ಮಾಡಿ ಕೊಡುವ ಡ್ರೈವರ್ ಸರ್ಕ್ಯೂಟಿನ ಬಾಯಲ್ಲಿ ಕರೆಂಟ್ ತುಂಬಿಟ್ಟುಕೊಳ್ಳುವ ಒಂದು ಕೆಪಾಸಿಟರ್ ಕೂತಿರುತ್ತದೆ. ಸ್ವಿಚ್ ಬಿದ್ದ ಕ್ಷಣ ಅದು ಖಾಲಿ ಕೊಡದ ಹಾಗೆ ಒಮ್ಮೆಲೇ ಕರೆಂಟ್ ಎಳೆಯುತ್ತದೆ. ಮಾಮೂಲಿ ಕರೆಂಟಿಗಿಂತ ಹತ್ತಾರು ಪಟ್ಟು ಜಾಸ್ತಿ, ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲ. ಅಷ್ಟರಲ್ಲೇ ರಿಲೇ ತುದಿಯಲ್ಲಿ ಕಿಡಿ ಹಾರಿ ಲೋಹ ಚೂರು ಕರಗುತ್ತದೆ. ದಿನಕ್ಕೊಂದು ಸಲದಂತೆ ಕರಗಿ ಕರಗಿ ಒಂದು ದಿನ ಅಂಟಿಯೇ ಬಿಡುತ್ತದೆ. ಹಳೆಯ ಬಲ್ಬ್ ತೆಗೆದು ಎಲ್‌ಇಡಿ ಹಾಕಿದ ಮೇಲೆ ಸೆನ್ಸರ್ ಬೇಗ ಬೇಗ ಕೆಡಲು ಶುರುವಾಗಿದ್ದರೆ ಇದೇ ಕಾರಣ ಇರುವ ಸಾಧ್ಯತೆ ದೊಡ್ಡದು.

ಆದ್ದರಿಂದ ಡಬ್ಬಿ ತಿರುಗಿಸಿ ಎಲ್‌ಇಡಿಗೆ ಬೇರೆಯಾಗಿ ಎಷ್ಟು ವ್ಯಾಟ್ ಬರೆದಿದ್ದಾರೆ ನೋಡಿ. ಬರೆದೇ ಇಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ. ಜೀರೋ ಕ್ರಾಸಿಂಗ್ ಅಂತ ಬರೆದಿದ್ದರೆ ಇನ್ನೂ ಒಳ್ಳೆಯದು. ಎಸಿ ವೋಲ್ಟೇಜ್ ಏರಿಳಿಯುವಾಗ ಸೊನ್ನೆಗೆ ಬರುವ ಹೊತ್ತು ನೋಡಿ ಕಾಂಟ್ಯಾಕ್ಟ್ ಮುಚ್ಚುವ ಜಾಣತನ ಅದು. ಒಂದೇ ಸೆನ್ಸರಿನಲ್ಲಿ ಏಳೆಂಟು ದೀಪ ಓಡಿಸುವವರು ನಡುವೆ ಒಂದು ಕಾಂಟ್ಯಾಕ್ಟರ್, ಅಂದರೆ ಭಾರಿ ಕರೆಂಟ್ ತಾಳುವ ದೊಡ್ಡ ರಿಲೇ, ಹಾಕಿಸಿ. ಸೆನ್ಸರ್ ಅದರ ಕಾಯಿಲನ್ನು ಮಾತ್ರ ಎಬ್ಬಿಸಲಿ, ದೀಪಗಳ ಭಾರವನ್ನು ಕಾಂಟ್ಯಾಕ್ಟರ್ ಹೊರಲಿ.

ಎರಡು ವೈರಿನ ಸೆನ್ಸರುಗಳೂ ಸಿಗುತ್ತವೆ. ಅವಕ್ಕೆ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರು, ಇಲ್ಲ, ಹೊಟ್ಟೆಗೆ ಬೇಕಾದ ಕರೆಂಟನ್ನು ಬಲ್ಬಿನ ಮೂಲಕವೇ ಎಳೆದುಕೊಳ್ಳುತ್ತವೆ. ಮೇಲೆ ಹೇಳಿದ ಮಿಣುಕು ಕಾಟ ಬರುವುದು ಹೆಚ್ಚಾಗಿ ಇವುಗಳಿಂದ. ಎಲ್‌ಇಡಿ ಇದ್ದರೆ ಮೂರು ವೈರಿನದನ್ನೇ ತನ್ನಿ. ವೋಲ್ಟೇಜ್ ನಿಮ್ಮ ಲೈನಿಗೆ ಹೊಂದಬೇಕು ಅನ್ನುವುದನ್ನು ಬೇರೆ ಹೇಳಬೇಕಿಲ್ಲ. ಆದರೆ 120 ವೋಲ್ಟಿನದು, 230 ವೋಲ್ಟಿನದು, 12 ವೋಲ್ಟಿನ ಡಿಸಿಯದು ಮೂರೂ ನೋಡಲು ಅಣ್ಣತಮ್ಮಂದಿರ ಹಾಗೇ ಇರುತ್ತವೆ. ಓದಿ ತನ್ನಿ.

ಇನ್ನು ವೈರಿನ ಬಣ್ಣ. ಇದನ್ನು ಮಾತ್ರ ನಂಬಲೇಬೇಡಿ. ಎಷ್ಟೋ ಸೆನ್ಸರುಗಳಲ್ಲಿ ಕಪ್ಪು ಅಂದರೆ ಒಳಬರುವ ಫೇಸ್, ಬಿಳಿ ನ್ಯೂಟ್ರಲ್, ಕೆಂಪು ದೀಪಕ್ಕೆ ಹೋಗುವ ಲೋಡ್. ಆದರೆ ಗೋಡೆಯ ವೈರಿಂಗಿನಲ್ಲಿ ಕಪ್ಪು ಅಂದರೆ ನ್ಯೂಟ್ರಲ್ ಅನ್ನುವ ಪದ್ಧತಿಯೂ ಇದೆ, ನೀಲಿ ಅಂದರೆ ನ್ಯೂಟ್ರಲ್ ಅನ್ನುವುದೂ ಇದೆ. ಬಣ್ಣಕ್ಕೆ ಬಣ್ಣ ಜೋಡಿಸಿಕೊಂಡು ಹೋದರೆ ಕಷ್ಟ. ಲೋಡಿನ ವೈರು ನ್ಯೂಟ್ರಲ್ಲಿಗೆ ಹೋಗಿ, ಫೇಸ್ ತನ್ನ ಜಾಗದಲ್ಲಿದ್ದರೆ ಅದು ನೇರ ಶಾರ್ಟ್. ಎಂಸಿಬಿ ಬೀಳುತ್ತದೆ, ಸೆನ್ಸರೂ ಹೋಗುತ್ತದೆ. ಫೇಸ್ ಮತ್ತು ಲೋಡ್ ಅದಲು ಬದಲಾದರೆ ಇನ್ನೊಂದು ತಮಾಷೆ: ದೀಪ ಆರಿದ ಕೂಡಲೇ ಸೆನ್ಸರಿಗೇ ಕರೆಂಟ್ ಇಲ್ಲವಾಗುತ್ತದೆ, ಆಗ ಕಾಂಟ್ಯಾಕ್ಟ್ ಮುಚ್ಚಿ ಮತ್ತೆ ಹೊತ್ತುತ್ತದೆ, ಹಗಲಿಡೀ ಇದೇ ಆಟ. ಸೆನ್ಸರಿನ ಮೈಮೇಲೆ ಚಿತ್ರ ಅಚ್ಚಾಗಿರುತ್ತದೆ. ಅದನ್ನೇ ನೋಡಿ. ಹಳೆಯದನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ಇರಲಿ.

ಕಣ್ಣು ಯಾವ ಕಡೆ ನೋಡುತ್ತಿದೆ?

ಗುಂಡಿಯಂಥ ಸೆನ್ಸರ್ ಕಂಬದ ತೂತಿನಲ್ಲಿ ಕೂತಿರುತ್ತದೆ. ತೂತು ಯಾವ ಕಡೆಗಿದೆಯೋ ಆ ಕಡೆಗೇ ಅದರ ನೋಟ. ಪೂರ್ವಕ್ಕಿದ್ದರೆ ಸಂಜೆ ಬೇಗ ಹೊತ್ತುತ್ತದೆ. ಪಶ್ಚಿಮಕ್ಕಿದ್ದರೆ ಬೆಳಗ್ಗೆ ತಡವಾಗಿ ಆರುತ್ತದೆ. ಎದುರು ಮನೆಯ ದೀಪಕ್ಕೆ ಮುಖ ಮಾಡಿದ್ದರೆ ರಾತ್ರಿಯಿಡೀ ಗೊಂದಲ. ಹಳೆಯದು ಹೀಗೆ ಕಾಟ ಕೊಡುತ್ತಿದ್ದರೆ ಅದೇ ತೂತಿಗೆ ಅಂಥದ್ದೇ ಇನ್ನೊಂದು ಹಾಕಿ ಏನೂ ಪ್ರಯೋಜನವಿಲ್ಲ. ಕತ್ತು ತಿರುಗಿಸಬಹುದಾದ, ಕೊಳವೆಯ ಬುಡವಿರುವ ಸೆನ್ಸರ್ ಬರುತ್ತದೆ. ಕಂಬದ ತೂತು ಸುಮಾರು 22 ಮಿಲಿಮೀಟರ್ ಇದ್ದರೆ ಅರ್ಧ ಇಂಚಿನ ಕೊಳವೆಯ ತಿರುಪು ಅದರಲ್ಲಿ ಕೂರುತ್ತದೆ. ಹೋಗುವ ಮೊದಲು ಅಳೆದುಕೊಳ್ಳಿ.

ಭೂಮಧ್ಯರೇಖೆಯ ಉತ್ತರಕ್ಕಿರುವವರು ಕಣ್ಣನ್ನು ಉತ್ತರಕ್ಕೆ, ದಕ್ಷಿಣಕ್ಕಿರುವವರು ದಕ್ಷಿಣಕ್ಕೆ ತಿರುಗಿಸುವುದು ರೂಢಿ. ನೇರ ಬಿಸಿಲು ಕಡಿಮೆ ಬೀಳುತ್ತದೆ, ಪ್ಲಾಸ್ಟಿಕ್ ಬೇಗ ಹಳದಿಯಾಗುವುದಿಲ್ಲ, ಸಂಜೆಗೂ ಬೆಳಗ್ಗೆಗೂ ಒಂದೇ ನ್ಯಾಯ.

ದೀಪದ ನೆತ್ತಿಯ ಮೇಲೆ ಲೋಟ ಬೋರಲು ಹಾಕಿದಂಥ ಸೆನ್ಸರ್ ಇದೆಯಾ? ನೀವು ಅದೃಷ್ಟವಂತರು. ಅದು ತಿರುಗಿಸಿ ಕೂರಿಸುವ ನೆಮಾ ಸಾಕೆಟ್. ಅಪ್ರದಕ್ಷಿಣವಾಗಿ ತಿರುಗಿಸಿ ಎತ್ತಿ, ಹೊಸದನ್ನು ಪ್ರದಕ್ಷಿಣವಾಗಿ ಕೂರಿಸಿ, ಮುಗಿಯಿತು. ವೈರಿನ ಸಹವಾಸವೇ ಇಲ್ಲ. ಮೂರು ಅಲಗಿನಲ್ಲಿ ಒಂದು ಅಗಲ ಇರುವುದರಿಂದ ತಪ್ಪಾಗಿ ಕೂರುವುದೂ ಇಲ್ಲ. ಇದೇ ಜಾಗಕ್ಕೆ ಕೂರುವ ಶಾರ್ಟಿಂಗ್ ಕ್ಯಾಪ್ ಅಂತ ಒಂದು ಮುಚ್ಚಳ ಸಿಗುತ್ತದೆ. ಅದು ಸೆನ್ಸರ್ ಇಲ್ಲದೆ ದೀಪಕ್ಕೆ ನೇರ ಕರೆಂಟ್ ಕೊಡುತ್ತದೆ. ಅದನ್ನು ಹಾಕಿದಾಗಲೂ ದೀಪ ಹೊತ್ತದಿದ್ದರೆ ಸೆನ್ಸರ್ ನಿರಪರಾಧಿ.

ಸೆನ್ಸರ್ ಇರುವ ಬಲ್ಬ್, ಅಥವಾ ಹೋಲ್ಡರ್‌ಗೆ ತಿರುಪುವ ಅಡಾಪ್ಟರ್

ಬಾಡಿಗೆ ಮನೆ, ಕಂಬ ಬಿಚ್ಚಲು ಮನಸ್ಸಿಲ್ಲ, ವೈರ್ ಅಂದರೆ ಭಯ. ಇಂಥವರಿಗೆ ಸೆನ್ಸರ್ ಬಲ್ಬ್ ಚೆನ್ನ. ಹಾಕಿ, ಸ್ವಿಚ್ ಆನ್ ಮಾಡಿ ಬಿಟ್ಟರಾಯಿತು. ಆದರೆ ಕೆಟ್ಟ ಹಳೆಯ ಸೆನ್ಸರ್ ದೀಪವನ್ನು ಹೊತ್ತಿಸಿಯೇ ಇಡುತ್ತಿದ್ದರೆ ಮಾತ್ರ ಇದು ನಡೆಯುತ್ತದೆ. ಹಳೆಯದು ದೀಪ ಆರಿಸಿಕೊಂಡು ಕೂತಿದ್ದರೆ ಹೊಸ ಬಲ್ಬಿಗೆ ಕರೆಂಟೇ ಬರುವುದಿಲ್ಲ. ಆಗ ಹಳೆಯದನ್ನು ತೆಗೆದು, ಫೇಸ್ ಮತ್ತು ಲೋಡ್ ವೈರುಗಳನ್ನು ಕನೆಕ್ಟರಿನಲ್ಲಿ ಸೇರಿಸಬೇಕು, ಖಾಲಿ ತೂತನ್ನೂ ಮುಚ್ಚಬೇಕು. ಕೊನೆಗೆ ವೈರ್ ಮುಟ್ಟಿದ ಹಾಗೇ ಆಯಿತಲ್ಲ!

ಇನ್ನೊಂದು ತೊಂದರೆ ಗಾಜಿನದು. ಲಾಂದ್ರದ ಗಾಜು ತಿಳಿಯಾಗಿದ್ದರೆ ಸರಿ. ಹಾಲು ಬಣ್ಣದ್ದೋ, ಉಬ್ಬು ತಗ್ಗಿನದ್ದೋ ಆದರೆ ಬಲ್ಬಿನ ಬೆಳಕು ಅದಕ್ಕೇ ವಾಪಸ್ ಬಡಿದು, ಹೊತ್ತಿ ಆರುವ ಆಟ ಶುರು. ತಗೊಳ್ಳುವ ಮೊದಲು ಬಲ್ಬಿನ ಕಣ್ಣು ಎಲ್ಲಿದೆ ನೋಡಿ. ಕೆಲವಕ್ಕೆ ಬುಡದ ಹತ್ತಿರ, ಕೆಲವಕ್ಕೆ ನೆತ್ತಿಯಲ್ಲಿ. ಬಲ್ಬನ್ನು ನೆಟ್ಟಗೆ ಕೂರಿಸುವ ಲಾಂದ್ರದಲ್ಲಿ ಬುಡದ ಕಣ್ಣು ಲೋಹದ ಅಂಚಿನ ಹಿಂದೆ ಅಡಗಿದರೆ ಹಗಲೂ ರಾತ್ರಿ ಉರಿಯುತ್ತದೆ. ಮತ್ತೆ ಬಲ್ಬ್ ಸತ್ತಾಗ ಸೆನ್ಸರೂ ಜೊತೆಗೆ ಹೋಗುತ್ತದೆ. ಒಂದೇ ದೀಪವಾದರೆ ಪರವಾಗಿಲ್ಲ. ನಾಲ್ಕು ಕಂಬ ಇದ್ದರೆ ನಾಲ್ಕೂ ಒಂದೊಂದು ಹೊತ್ತಿಗೆ ಹೊತ್ತುತ್ತವೆ. ನನಗಂತೂ ಅದು ಕಣ್ಣಿಗೆ ಚುಚ್ಚುತ್ತದೆ.

ಅಡಾಪ್ಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ನನಗೆ ಇಷ್ಟವಿಲ್ಲ. ಬಲ್ಬನ್ನು ಒಂದೆರಡು ಇಂಚು ಮೇಲೆ ಎತ್ತುತ್ತದೆ, ಲಾಂದ್ರದ ಮುಚ್ಚಳ ಕೂರುವುದಿಲ್ಲ, ಬಲ್ಬಿನ ಬಿಸಿಯೆಲ್ಲ ಸೆನ್ಸರಿನ ನೆತ್ತಿಗೆ. ತೆರೆದ ಹೋಲ್ಡರ್ ಇದ್ದು, ಮಳೆ ಬೀಳದ ಜಾಗವಾದರೆ ನೋಡಬಹುದು.

ಕಣ್ಣೇ ಬೇಡ, ಗಡಿಯಾರ ಸಾಕು

ಹಳೆಯದನ್ನು ಬಿಚ್ಚಿದಾಗ ಒಳಗೆ ನೀರು, ತುಕ್ಕು, ಇರುವೆ ಗೂಡು ಕಂಡರೆ ಈ ದಾರಿಯನ್ನು ಗಟ್ಟಿಯಾಗಿ ಯೋಚಿಸಿ. ಟೈಮರ್ ಮನೆಯೊಳಗಿನ ಬೋರ್ಡಿನಲ್ಲಿ ಬೆಚ್ಚಗೆ ಕೂರುತ್ತದೆ. ಮಳೆ ಇಲ್ಲ, ಬಿಸಿಲಿಲ್ಲ. ಕಂಬದಲ್ಲಿ ಬಲ್ಬ್ ಬಿಟ್ಟರೆ ಕೆಡುವಂಥದ್ದು ಏನೂ ಉಳಿಯುವುದಿಲ್ಲ. ಕಂಬಕ್ಕೆ ಹೋಗುವ ಲೈನು ಬೋರ್ಡಿನಿಂದ ಬೇರೆಯಾಗಿ ಹೊರಟಿರಬೇಕು, ಅಷ್ಟೇ.

ಮುಳ್ಳು ತಿರುಗುವ ಹಳೆಯ ಟೈಮರ್ ಬೇಡ. ಎರಡು ಗಂಟೆ ಕರೆಂಟ್ ಹೋದರೆ ಅದರ ಗಡಿಯಾರ ಎರಡು ಗಂಟೆ ಹಿಂದೆ ಬೀಳುತ್ತದೆ. ಋತು ಬದಲಾದ ಹಾಗೆ ಕೈಯಲ್ಲಿ ತಿದ್ದುತ್ತಲೂ ಇರಬೇಕು. ಭೂಮಧ್ಯರೇಖೆಯ ಹತ್ತಿರ ಇದು ದೊಡ್ಡ ವಿಷಯವಲ್ಲ, ಹಗಲು ವರ್ಷವಿಡೀ ಹೆಚ್ಚು ಕಡಿಮೆ 12 ಗಂಟೆಯೇ. 50 ಡಿಗ್ರಿ ಅಕ್ಷಾಂಶದಲ್ಲಿ ಅತಿ ಉದ್ದದ ಹಗಲು 16 ಗಂಟೆ ದಾಟುತ್ತದೆ, ಅತಿ ಗಿಡ್ಡದ್ದು 8 ಗಂಟೆ. ಅಲ್ಲಿ ಮುಳ್ಳಿನ ಟೈಮರ್ ಅಂದರೆ ತಲೆನೋವು.

ಆಸ್ಟ್ರೋ ಟೈಮರ್ ಅನ್ನುವುದು ಇದಕ್ಕೆ ಮದ್ದು. ಅಕ್ಷಾಂಶ, ರೇಖಾಂಶ, ದಿನಾಂಕ ಒಮ್ಮೆ ತುಂಬಿದರೆ ಸೂರ್ಯ ಮುಳುಗುವ ಹೊತ್ತನ್ನು ಪಂಚಾಂಗದ ಹಾಗೆ ತಾನೇ ಲೆಕ್ಕ ಹಾಕುತ್ತದೆ. ಮುಳುಗಿದ 15 ನಿಮಿಷಕ್ಕೆ ಹೊತ್ತಿಸು, ರಾತ್ರಿ 11ಕ್ಕೆ ಆರಿಸು ಅಂತಲೂ ಹೇಳಬಹುದು. ಇದು ಬರೀ ಸೆನ್ಸರಿನ ಕೈಲಿ ಆಗುವ ಕೆಲಸವಲ್ಲ. ಒಳಗೆ ಬ್ಯಾಟರಿ ಇರುವುದನ್ನೇ ತಗೊಳ್ಳಿ. ಮೊಬೈಲಿನಿಂದ ನಡೆಸುವ ಸ್ಮಾರ್ಟ್ ಸ್ವಿಚ್ ಕೂಡ ಇದನ್ನೇ ಮಾಡುತ್ತದೆ, ವೈಫೈ ಜೊತೆ ಜಗಳ ಆಡುವ ತಾಳ್ಮೆ ನಿಮಗಿದ್ದರೆ. ಎರಡಕ್ಕೂ ಒಂದೇ ಕೊರತೆ, ಆಕಾಶ ಕಾಣುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಮೋಡ ಕವಿದು ಕತ್ತಲಾದರೆ ಅವಕ್ಕೆ ಗೊತ್ತಾಗುವುದಿಲ್ಲ. ದಟ್ಟ ಮರಗಳ ಕೆಳಗಿನ ಅಂಗಳಕ್ಕೆ ಸೆನ್ಸರೇ ಸರಿ.

ಸೋಲಾರ್ ಕಂಬದವರಿಗೆ ಒಂದೇ ಮಾತು. ಬಹಳಷ್ಟು ಸೋಲಾರ್ ದೀಪಗಳಲ್ಲಿ ಬೇರೆ ಸೆನ್ಸರೇ ಇರುವುದಿಲ್ಲ, ಪ್ಯಾನಲ್ಲೇ ಕಣ್ಣು. ಪ್ಯಾನಲನ್ನು ಬಟ್ಟೆಯಲ್ಲಿ ಮುಚ್ಚಿದಾಗ ದೀಪ ಹೊತ್ತಿದರೆ ಅದು ಸರಿಯಿದೆ. ರಾತ್ರಿ ಬೇಗ ಆರುತ್ತಿದ್ದರೆ ಬ್ಯಾಟರಿ ನೋಡಿ.

ನಾನು ಕೊನೆಗೆ ಹಾಕಿದ್ದು

ನನ್ನದು ಒಂದೇ ಕಂಬ, ಎಲ್‌ಇಡಿ ಬಲ್ಬ್, ಹಾಲು ಬಣ್ಣದ ಗಾಜು, ಮೇಲೆ ಮರದ ನೆರಳು. ಗಾಜಿನಿಂದಾಗಿ ಸೆನ್ಸರ್ ಬಲ್ಬ್ ಹೊರಗಾಯಿತು, ನೆರಳಿನಿಂದಾಗಿ ಟೈಮರ್ ಹೊರಗಾಯಿತು. ಹಳೆಯದು ಸತ್ತದ್ದು ಕಾಂಟ್ಯಾಕ್ಟ್ ಅಂಟಿ. ಹಾಗಾಗಿ ಎಲ್‌ಇಡಿಗೆ ಬೇರೆ ರೇಟಿಂಗ್ ಬರೆದಿದ್ದ, ಮೂರು ವೈರಿನ, ಕತ್ತು ತಿರುಗುವ ಎಲೆಕ್ಟ್ರಾನಿಕ್ ಸೆನ್ಸರ್ ತಂದೆ. ಐಪಿ65 ಅಂತ ಇತ್ತು, ಅಂದರೆ ಧೂಳು ಒಳಗೆ ಹೋಗುವುದಿಲ್ಲ, ಪೈಪಿನಲ್ಲಿ ನೀರು ಹೊಡೆದರೂ ತಡೆದುಕೊಳ್ಳುತ್ತದೆ. ಆದರೂ ರಬ್ಬರ್ ಗ್ಯಾಸ್ಕೆಟನ್ನು ಹೊರಗಡೆಗೆ ಬರುವ ಹಾಗೆ ಕೂರಿಸಿ, ತೂತಿನ ಮೇಲರ್ಧಕ್ಕೆ ಸಿಲಿಕೋನ್ ಹಚ್ಚಿದೆ. ಕೆಳಗರ್ಧ ಬಿಟ್ಟೆ. ಒಳಗೆ ಬೆವರಿದ ನೀರಿಗೆ ಇಳಿದು ಹೋಗಲು ದಾರಿ ಬೇಕಲ್ಲ. ವೈರನ್ನು ಕನೆಕ್ಟರಿಗಿಂತ ಕೆಳಗೆ ಒಂದು ಸುತ್ತು ಜೋತು ಬಿಟ್ಟೆ, ಹನಿ ಅಲ್ಲೇ ತೊಟ್ಟಿಕ್ಕಲಿ ಅಂತ. ಹಳೆಯ ಎರಡನ್ನೂ ಇ-ತ್ಯಾಜ್ಯಕ್ಕೆ ಕೊಟ್ಟೆ. ಮೊದಲನೆಯದರ ಕಣ್ಣಿನಲ್ಲಿ ಕ್ಯಾಡ್ಮಿಯಂ ಇತ್ತು, ಅದು ಕಸದ ಬುಟ್ಟಿಗೆ ಹೋಗುವಂಥದ್ದಲ್ಲ.

ಎಂಸಿಬಿ ಎತ್ತಿದೆ. ದೀಪ ಹೊತ್ತಿತು, ಒಂದು ನಿಮಿಷಕ್ಕೆ ಆರಿತು. ಟೇಪ್ ಸುತ್ತಿದೆ, ಮತ್ತೆ ಹೊತ್ತಿತು. ಖುಷಿಯಲ್ಲಿ ಏಣಿ ಮಡಚಿ ಒಳಗೆ ಹೋದೆ. ಮರುದಿನ ಮಧ್ಯಾಹ್ನ ಪಕ್ಕದವರು ಬಂದು, "ಲೈಟ್ ಆರಿಸೋದು ಮರೆತಿದ್ದೀರಿ" ಅಂದರು. ಟೇಪ್ ಅಲ್ಲೇ ಇತ್ತು.